ದೂಮಣ್ಣ ಹಚ್ಚದೆ ಬಿಟ್ಟ ಬಿಳಿ

ಎರಡು ವರ್ಷದ ಹಿಂದಿನ ನವರಾತ್ರಿಯಲ್ಲಿ ನಾನು ಹುಲಿವೇಷ ಹಾಕಿದೆ. ಆಗ ನನಗೆ ನಲವತ್ತೊಂದು ವರ್ಷ. ನನ್ನ ಹೆಸರು ಹರಿಣಾಕ್ಷಿ. ಜಿಂಕೆಕಣ್ಣಿನವಳು ಹುಲಿಯಾಗಲು ಹೊರಟಿದ್ದಾಳೆಂದು ನನ್ನ ಗಂಡನಿಂದ ಹಿಡಿದು ದಿನಾ ಹೋಗುವ ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರೂ ತಮಾಷೆ ಮಾಡಿದ್ದರು. ನಗುವವರು ನಗಲಿ ಎಂದು ಬಿಟ್ಟಿದ್ದೆ. ನಾನು ವೇಷಕ್ಕೆ ಒಪ್ಪಿದ ನಿಜವಾದ ಕಾರಣ ಮಾತ್ರ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂಡಬಿದಿರೆಯ ಒಂದು ಫ್ಯಾನ್ಸಿ ಅಂಗಡಿಯಲ್ಲಿ ನನಗೆ ಕೆಲಸ. ಎಂಟು ವರ್ಷ ಕೌಂಟರಿನಲ್ಲಿ ನಿಂತು ಬಳೆ ತೊಡಿಸಿದವಳು ನಾನು. ಎಂಥ ಬಿರುಸು ಕೈಯಾದರೂ ಸಾಬೂನು ಹಚ್ಚಿ, ಮಾತಾಡಿಸುತ್ತಾ ಮಾತಾಡಿಸುತ್ತಾ, ಒಂದೂ ಒಡೆಯದ ಹಾಗೆ ಡಜನ್ ಗಾಜಿನ ಬಳೆ ಏರಿಸುತ್ತಿದ್ದೆ. ಹಾಗಿರುವಾಗ ನನ್ನ ಬೆರಳ ತುದಿಯಲ್ಲಿ ಬಿಳಿ ಕಲೆ ಕಾಣಿಸಿಕೊಂಡಿತು. ಆರು ತಿಂಗಳಲ್ಲಿ ಅದು ತುಟಿಯ ಸುತ್ತ ಬಂತು, ಗಲ್ಲಕ್ಕೆ ಇಳಿಯಿತು, ಎರಡು ಕಣ್ಣುಗಳ ಸುತ್ತ ಹರಡಿತು. ತೊನ್ನು. ಇದು ಅಂಟುವ ರೋಗವಲ್ಲ, ಇದರಿಂದ ಜೀವಕ್ಕೆ ಏನೂ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರು ಹೇಳಿದ್ದನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾ ಕೂರಲಿಕ್ಕೆ ಆಗುತ್ತದೆಯೇ?

ಒಂದು ದಿನ ಮದುವೆಯ ಬಳೆಗೆ ಬಂದ ಹೆಂಗಸೊಬ್ಬಳು ನನ್ನ ಬೆರಳು ನೋಡಿ, ಒಡ್ಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. “ಬೇಡ, ನಾನೇ ಹಾಕಿಕೊಳ್ತೇನೆ” ಎಂದಳು. ಮರುದಿನ ಧಣಿಗಳು, “ಹರಿಣಾಕ್ಷಿ, ನಿಂತು ನಿಂತು ನಿಮಗೆ ಕಾಲು ನೋವು ಬರ್ತದಲ್ಲ, ಇನ್ನು ಒಳಗೆ ಸ್ಟಾಕ್ ನೋಡಿಕೊಳ್ಳಿ” ಎಂದರು. ನನಗೆ ಕಾಲು ನೋವೇ ಇರಲಿಲ್ಲ. ಆವತ್ತಿನಿಂದ ನಾಲ್ಕು ವರ್ಷ ಒಳಕೋಣೆಯ ರಟ್ಟಿನ ಪೆಟ್ಟಿಗೆಗಳ ನಡುವೆ ಕಳೆದೆ. ಬೆಳಿಗ್ಗೆ ಎದ್ದ ಕೂಡಲೇ ಚರ್ಮದ ಬಣ್ಣದ ಕ್ರೀಮನ್ನು ಮುಖಕ್ಕೆ ದಪ್ಪ ಬಳಿಯದೆ ಬಾಗಿಲು ದಾಟುತ್ತಿರಲಿಲ್ಲ. ಆ ನಾಲ್ಕು ವರ್ಷ ನನ್ನ ಬರಿ ಮುಖ ನೋಡಿದವರು ಗಂಡ ಮತ್ತು ಕನ್ನಡಿ, ಇಬ್ಬರೇ. ಕನ್ನಡಿಯನ್ನೂ ಬೇಕಾದಷ್ಟೇ ನೋಡುತ್ತಿದ್ದೆ.

ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಸಿದ್ಧಕಟ್ಟೆಯ ನಸೀಮಾಳ ಜಗಲಿ. ನಸೀಮಾ ಟೈಲರ್. ಗಂಡ ಗಲ್ಫ್‌ನಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಮತ್ತು ಸುಜಾತಾ ಅಲ್ಲಿ ಸೇರುತ್ತಿದ್ದೆವು. ಸುಜಾತಾ ಜೈನರವಳು, ಊರಿನ ಬಸದಿ ನೋಡಿಕೊಳ್ಳುವ ಮನೆಯ ಸೊಸೆ. ಅವಳು ಬಟ್ಟೆಯಲ್ಲಿ ಹೂ ಮಾಡುತ್ತಾಳೆ, ನಾನು ಕ್ರೋಶಾ ಹಾಕುತ್ತೇನೆ, ನಸೀಮಾ ಕತ್ತರಿಸಿ ಉಳಿದ ತುಂಡುಬಟ್ಟೆಗಳಿಂದ ಏನಾದರೊಂದು ಹೊಲಿಯುತ್ತಾಳೆ. ಯಾವುದೂ ಮಾರುವುದಕ್ಕಲ್ಲ. ಕೈಗೊಂದು ಕೆಲಸ, ಬಾಯಿಗೊಂದು ಕೆಲಸ, ಅಷ್ಟೆ.

ಆ ವರ್ಷ ಜೋರು ಮಳೆಯ ಆಟಿ ತಿಂಗಳು ಕಳೆದದ್ದೇ ಸುಜಾತಾ ಶುರು ಮಾಡಿದಳು. “ಗಂಡಸರೇ ಎಷ್ಟು ವರ್ಷ ಹುಲಿ ಆಗುವುದು ಮಾರಾಯ್ತಿ? ಈ ಸಲ ನವರಾತ್ರಿಗೆ ನಾವು ವೇಷ ಹಾಕುವ. ನನ್ನ ಇಬ್ಬರು ನಾದಿನಿಯರು ರೆಡಿ ಇದ್ದಾರೆ.”

“ನನ್ನನ್ನು ಬಿಡಿ” ಎಂದಳು ನಸೀಮಾ. “ನಮ್ಮ ಮನೆಯಲ್ಲಿ ಅತ್ತೆ ಅಂತ ಒಂದು ದೊಡ್ಡ ಹುಲಿ ಈಗಲೇ ಉಂಟು. ಹೊಲಿಗೆ ಪೂರ ನನ್ನದು, ಕುಣಿತ ನಿಮ್ಮದು.”

ನಾನು ಒಂದೇ ಮಾತಿಗೆ ಒಪ್ಪಿದೆ. ಇಬ್ಬರಿಗೂ ಆಶ್ಚರ್ಯ. ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಹುಲಿಗೆ ಮುಖವೆಲ್ಲ ಬಣ್ಣ. ಆ ಬಣ್ಣದ ಅಡಿಯಲ್ಲಿ ಯಾರ ಮುಖ ಹೇಗಿದೆ ಎಂದು ಯಾರು ನೋಡುತ್ತಾರೆ? ಒಂದು ದಿನವಾದರೂ ಪೇಟೆಯ ನಡುವೆ ತಲೆ ಎತ್ತಿ ನಿಲ್ಲಬೇಕೆಂಬ ಆಸೆ ನನಗಿತ್ತು.

ಎರಡು ತಿಂಗಳು ಜಗಲಿಯೆಲ್ಲ ಹಳದಿಯೇ ಹಳದಿ. ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಹಳದಿ ಬನಿಯನ್ ಬಟ್ಟೆಯ ಅಂಗಿಗಳನ್ನು ನಸೀಮಾ ಹೊಲಿದಳು. ಸುಜಾತಾ ಕಪ್ಪು ವೆಲ್ವೆಟ್‌ನಲ್ಲಿ ಪಟ್ಟೆ ಕತ್ತರಿಸಿದಳು. ತಲೆ ಮತ್ತು ಬಾಲ ನನ್ನ ಪಾಲಿಗೆ ಬಂತು. ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ ತಂದು, ಅದರ ಮೇಲೆ ಹಳದಿ ಉಲ್ಲನ್ ಹೆಣೆದು, ಕಿವಿ ಕೂರಿಸಿದೆ. ಮೊದಲ ಬಾಲ ಉದ್ದವಾಗಿ, ಸುಜಾತಾ ತನ್ನ ಬಾಲವನ್ನು ತಾನೇ ಮೆಟ್ಟಿ ಅಂಗಳದಲ್ಲಿ ಬಿದ್ದಳು. ನಗು ನಿಲ್ಲಲಿಕ್ಕೆ ಅರ್ಧ ಗಂಟೆ ಬೇಕಾಯಿತು.

ಮುಖಕ್ಕೆ ಬಣ್ಣ ಬರೆಯಲು ವಾಮದಪದವಿನ ದೂಮಣ್ಣನಿಗೆ ಹೇಳಿದ್ದೆವು. ಅವರಿಗೆ ಎಪ್ಪತ್ತು ದಾಟಿತ್ತು. ಹಿಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಈಗ ಅವರು ಕುಂಚ ಹಿಡಿಯುವುದು ನವರಾತ್ರಿಗೆ ಮಾತ್ರ. ಹತ್ತಿರದ ಊರುಗಳಲ್ಲಿ ಹುಲಿಯ ಮುಖ ಬರೆದರೆ ದೂಮಣ್ಣನೇ ಬರೆಯಬೇಕು ಎಂಬ ಮಾತಿದೆ. ಮಾತು ಕಡಿಮೆ, ಸಿಟ್ಟು ಬೇಗ.

ವೇಷದ ದಿನ ಬೆಳಿಗ್ಗೆ ಆರೂವರೆಗೆ ಅವರ ಅಂಗಳದಲ್ಲಿದ್ದೆವು. ಮಳೆ ಬಿಟ್ಟು ಹತ್ತು ದಿನವಾಗಿತ್ತು, ಹುಲ್ಲಿನ ಮೇಲೆ ಇಬ್ಬನಿ ಇತ್ತು. ತುಳಸಿಕಟ್ಟೆಯ ಬುಡದಲ್ಲಿ ನಾನು ಮಾಡಿದ ನಾಲ್ಕು ತಲೆಗಳನ್ನಿಟ್ಟು, ದೀಪ ಹಚ್ಚಿ, ಕೈಮುಗಿದು ದೂಮಣ್ಣ ಕೆಲಸಕ್ಕೆ ಕೂತರು. ತಾಸೆ ಬಾರಿಸುವ ಮೂವರು ಗಂಡಸರು ಬೆಂಕಿಗೆ ವಾದ್ಯದ ಚರ್ಮ ಕಾಯಿಸುತ್ತಿದ್ದರು. ಅಕ್ಕಪಕ್ಕದ ಮನೆಯವರು ನೋಡಲು ಬಂದಿದ್ದರು.

ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಕಪ್ಪು ಪಟ್ಟೆ. ಅದು ಅವರ ಕ್ರಮ. ಸುಜಾತಾ ಮತ್ತು ನಾದಿನಿಯರ ಕಣ್ಣು, ಬಾಯಿಯ ಸುತ್ತ ಬಿಳಿ ಹಚ್ಚಿಯಾಯಿತು. ನನ್ನ ಸರದಿ ಬಂತು. ನಾನೋ, ದೂಮಣ್ಣನಿಗೂ ಏನೂ ಕಾಣಬಾರದೆಂದು ಮನೆಯಿಂದಲೇ ಎರಡು ಸಲ ಕ್ರೀಮು ಬಳಿದುಕೊಂಡು ಬಂದಿದ್ದೆ. ಅವರು ನನ್ನ ಕಣ್ಣಿನ ಕೆಳಗೆ ಕುಂಚ ಎಳೆದರು. ಬಣ್ಣ ಹಿಡಿಯಲಿಲ್ಲ. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ಕೆಳಗೆ ಜಾರಿತು. ಇನ್ನೊಮ್ಮೆ ಎಳೆದರು. ಮತ್ತೂ ಜಾರಿತು.

“ಎಂತ ಹಚ್ಚಿದ್ದು ಮೋರೆಗೆ?” ಎಂದರು.

“ಸ್ವಲ್ಪ ಕ್ರೀಮು.”

“ಜಿಡ್ಡಿನ ಮೇಲೆ ಬಣ್ಣ ನಿಲ್ಲುದಿಲ್ಲ. ಬಾವಿಕಟ್ಟೆಯಲ್ಲಿ ಸಾಬೂನು ಉಂಟು, ತೊಳೆದು ಬನ್ನಿ.”

ಹನ್ನೆರಡು ವರ್ಷ ಫ್ಯಾನ್ಸಿ ಅಂಗಡಿಯಲ್ಲಿ ಕೆಲಸ ಮಾಡಿದವಳಿಗೆ ಎಣ್ಣೆಯಂಶದ ಮೇಲೆ ಬಣ್ಣ ಕೂರುವುದಿಲ್ಲ ಎಂಬಷ್ಟು ಬುದ್ಧಿ ಬೇಡವೇ? ಎದ್ದು ಮನೆಯ ಹಿಂದಿನ ಬಾವಿಯ ಹತ್ತಿರ ಹೋದೆ. ಅಲ್ಲಿಂದ ರಸ್ತೆಗೆ ಒಂದು ಕಾಲುದಾರಿ ಇತ್ತು. ಓಡಿಬಿಡೋಣ ಎನಿಸಿತು. ಆದರೆ ಮೈಮೇಲೆ ಹಳದಿ ಅಂಗಿ, ಹಿಂದೆ ಬಾಲ. ಬಾಲ ಕಟ್ಟಿಕೊಂಡು ಬಸ್ಸಿಗೆ ಕೈ ಅಡ್ಡ ಹಿಡಿಯುವುದು ಹೇಗೆ?

ಅಷ್ಟರಲ್ಲಿ ಸೂಜಿ ಪಿನ್ನಿನ ಡಬ್ಬ ಹಿಡಿದುಕೊಂಡು ನಸೀಮಾ ಹಿಂದೆಯೇ ಬಂದಳು. ನನ್ನ ಕಣ್ಣು ಕಾಲುದಾರಿಯ ಕಡೆ ಇದ್ದದ್ದು ಅವಳಿಗೆ ತಿಳಿಯಿತು.

“ನಾನು ಎರಡು ತಿಂಗಳು ಕೂತು ಹೊಲಿದದ್ದು ನೀನು ಬಸ್ಸಿನಲ್ಲಿ ಹೋಗ್ಲಿಕ್ಕಾ?” ಎಂದಳು.

“ನನ್ನ ಮೋರೆ ನೀನು ನೋಡಿದ್ದೀಯಾ ನಸೀಮಾ? ಅಷ್ಟು ಜನರ ಎದುರು ಹೇಗೆ ಹೋಗುದು?”

ಅವಳು ಡಬ್ಬವನ್ನು ಕಟ್ಟೆಯ ಮೇಲಿಟ್ಟು, ಕೊಡಪಾನ ಬಗ್ಗಿಸಿ, “ಕೈ ಒಡ್ಡು” ಎಂದಳು. ಒಡ್ಡಿದೆ. ಸಾಬೂನು ಹಾಕಿ ತಿಕ್ಕಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಗಂಡನಲ್ಲದ ಒಬ್ಬರ ಎದುರು ನನ್ನ ಮುಖ ಬರಿದಾಯಿತು. ನಸೀಮಾ ನೋಡಿದಳು. “ಕಿವಿಯ ಹತ್ತಿರ ಇನ್ನೂ ಉಂಟು, ಸರಿ ತೊಳಿ” ಎಂದಳು. ಅಷ್ಟೇ ಹೇಳಿದ್ದು.

ತಲೆ ತಗ್ಗಿಸಿಕೊಂಡೇ ಅಂಗಳಕ್ಕೆ ಬಂದೆ. ಅಕ್ಕಪಕ್ಕದವರೆಲ್ಲ ನನ್ನ ಕಡೆ ತಿರುಗಿದರು. ತಾಸೆಯವರ ಕೈ ಕೂಡ ನಿಂತಿತು. ದೂಮಣ್ಣ ಬಿಳಿ ಬಣ್ಣದ ಕುಂಚ ಹಿಡಿದು ಕೂತಿದ್ದವರು ನನ್ನನ್ನು ನೋಡಿದರು. ಕನ್ನಡಕ ತೆಗೆದು ಲುಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕುಂಚವನ್ನು ನೀರಿನ ಡಬ್ಬಕ್ಕೆ ಹಾಕಿಬಿಟ್ಟರು.

“ಇಲ್ಲಿ ನನಗೆ ಕೆಲಸ ಇಲ್ಲ” ಎಂದರು.

ಇವರೂ ಕೈ ಹಿಂದಕ್ಕೆ ಎಳೆದುಕೊಂಡರು ಎಂದುಕೊಂಡೆ. ಕಣ್ಣಲ್ಲಿ ನೀರು ತುಂಬಿತು. ತಿರುಗಿ ಹೋಗುವವಳಿದ್ದೆ, ಅವರು ಎದ್ದು ಬಂದು ನನ್ನ ಗಲ್ಲ ಹಿಡಿದು ಬಿಸಿಲಿನ ಕಡೆಗೆ ತಿರುಗಿಸಿದರು.

“ಇರು ಮಗಾ, ಬೆಳಕಿಗೆ ಬಾ. ಬಿಳಿ ಹಾಕಿಯೇ ಆಗಿದೆಯಲ್ಲ ಇಲ್ಲಿ! ಐವತ್ತು ವರ್ಷದಿಂದ ನಾನು ಹುಲಿಗೆ ಈ ಬಿಳಿ ಹಾಕ್ತಾ ಇದ್ದೇನೆ. ಎಷ್ಟು ಜಾಗ್ರತೆ ಮಾಡಿದರೂ ಬಳಿದ ಹಾಗೆಯೇ ಕಾಣ್ತದೆ. ಇದರ ಅಂಚು ನೋಡು. ಎಲ್ಲಿ ಮುಗೀತದೆ ಅಂತ ಗೊತ್ತೇ ಆಗುದಿಲ್ಲ. ಹುಲಿಯದ್ದು ಹೀಗೇ ಇರ್ತದೆ. ನನಗೆ ಇದು ಒಂದು ಸಲವೂ ಬರ್ಲಿಲ್ಲ.”

ಕಲೆ ಬಂದ ಹೊಸದರಲ್ಲಿ ನನ್ನ ಮುಖವನ್ನು ಕನಿಕರದಿಂದ ನೋಡಿದವರಿದ್ದಾರೆ, ಹೆದರಿಕೆಯಿಂದ ನೋಡಿದವರಿದ್ದಾರೆ, ಕದ್ದು ನೋಡಿದವರಂತೂ ಬೇಕಾದಷ್ಟು. ಆಸೆಪಟ್ಟು ನೋಡಿದವರು ಆ ಮುದುಕ ಒಬ್ಬರೇ. ಅವರ ಮಾತಿನಲ್ಲಿ ಸಮಾಧಾನ ಹೇಳುವ ಧಾಟಿಯೇ ಇರಲಿಲ್ಲ. ತನಗೆ ಬಾರದ ಕೆಲಸವನ್ನು ಬೇರೆ ಯಾರೋ ಮಾಡಿಟ್ಟದ್ದನ್ನು ಕಂಡವರ ಹೊಟ್ಟೆಕಿಚ್ಚು ಇತ್ತು.

ನನ್ನ ಬಿಳಿಯನ್ನು ಹಾಗೆಯೇ ಬಿಟ್ಟು ಅವರು ಸುತ್ತ ಹಳದಿ ತುಂಬಿದರು. ಹಳದಿ ಒಣಗಿದ ಮೇಲೆ ಕಪ್ಪು. ಗೆರೆ ಹಾಕಿಕೊಳ್ಳದೆ, ಅಳೆಯದೆ, ಒಂದೇ ಉಸಿರಿನಲ್ಲಿ ಹಣೆಯಿಂದ ಕೆನ್ನೆಗೆ ಪಟ್ಟೆ ಇಳಿಸುತ್ತಿದ್ದರು. ಕುಂಚದ ತಣ್ಣನೆ ತುದಿ ಮಾತ್ರ ನನಗೆ ತಿಳಿಯುತ್ತಿತ್ತು. ಮುಗಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, “ಸುಜಾತಮ್ಮ, ನೀವು ಬನ್ನಿ. ನಿಮ್ಮದು ಒರೆಸಿ ಮತ್ತೆ ಹಾಕ್ತೇನೆ” ಎಂದರು.

ಆ ಮೂವರ ಬಿಳಿಯನ್ನೂ ಅವರು ಒರೆಸಿದರು. ನನ್ನ ಮುಖ ನೋಡುವುದು, ಒಂದು ಗೀಟು ಹಾಕುವುದು, ಮತ್ತೆ ನನ್ನ ಮುಖ ನೋಡುವುದು. “ಅಲ್ಲಾಡಬೇಡ ಮಗಾ” ಎಂದು ನನ್ನನ್ನು ಗದರಿಸುವುದು. ಸುಜಾತಾ, “ಅವಳ ಎಡಗಣ್ಣಿನ ಕೊನೆಯಲ್ಲಿ ಒಂದು ಸಣ್ಣ ಚುಕ್ಕೆ ಉಂಟಲ್ಲ, ಅದು ನನಗೂ ಬೇಕು ದೂಮಣ್ಣ” ಎಂದಳು. ಆ ಚುಕ್ಕೆಯನ್ನು ಮುಚ್ಚಲು ನಾನು ದಿನಾ ಐದು ನಿಮಿಷ ಕಳೆಯುತ್ತಿದ್ದೆ. ಒಂದೂವರೆ ಗಂಟೆ ನಾನು ಹಾಗೆ ಕೂತೆ. ನನ್ನನ್ನು ನೋಡಿಕೊಂಡೇ ಉಳಿದ ಮೂರು ಹುಲಿಗಳಾದವು.

ಕೊನೆಗೆ ದೂಮಣ್ಣ ಮೂಲೆ ಒಡೆದ ಒಂದು ಕನ್ನಡಿ ತಂದು ನನ್ನ ಕೈಗೆ ಕೊಟ್ಟರು. ನೋಡಿದೆ. ಹಳದಿಯ ನಡುವೆ ಕಣ್ಣಿನ ಸುತ್ತಲಿನ ಬಿಳಿ ಹೊಳೆಯುತ್ತಿತ್ತು. ನನ್ನನ್ನು ನೋಡಿ ನನಗೇ ಹೆದರಿಕೆಯಾಯಿತು. ಅಷ್ಟು ಚಂದದ, ಅಷ್ಟು ಭಯಂಕರವಾದ ಒಂದು ಮುಖವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದನ್ನು ನಾಲ್ಕು ವರ್ಷದಿಂದ ಕ್ರೀಮಿನ ಅಡಿಯಲ್ಲಿ ಹೂತಿಟ್ಟಿದ್ದವಳು ನಾನೇ.

ತಾಸೆ ಶುರುವಾಯಿತು. ವಾಮದಪದವು ಪೇಟೆಯಲ್ಲಿ ಎಷ್ಟು ಹೊತ್ತು ಕುಣಿದೆವೋ ಗೊತ್ತಿಲ್ಲ. ಅಂಗಡಿಯವರು ಹೊರಗೆ ಬಂದು ನಿಂತರು. ಒಂದು ಮಗು ಕಿರುಚಿ ಅತ್ತಿತು, ಒಬ್ಬರು ಅಜ್ಜಿ ಬಾಗಿ ಕೈಮುಗಿದರು. ನಸೀಮಾ ಪಿನ್ನಿನ ಡಬ್ಬ ಹಿಡಿದು ಹಿಂದೆ ಹಿಂದೆಯೇ ಓಡುತ್ತಿದ್ದಳು. ನನ್ನ ಗಂಡ ರಸ್ತೆ ಬದಿಯ ಒಂದು ಜೀಪಿನ ಪಕ್ಕ ನಿಂತು ನಾಲ್ಕು ಹುಲಿಗಳನ್ನೂ ಒಂದೊಂದಾಗಿ ನೋಡಿದರು. ಯಾವುದು ಹೆಂಡತಿ ಎಂದು ತಿಳಿಯಲಿಲ್ಲ. ನಾನೇ ಹತ್ತಿರ ಹೋಗಿ ಗುರ್ರೆಂದೆ.

“ಎಂತ ಮಾಡುದು ಮಾರಾಯ್ತಿ,” ಎಂದರು, “ಎಲ್ಲರದ್ದೂ ನಿನ್ನದೇ ಮೋರೆ ಅಲ್ವಾ?” ನಾನು ಮತ್ತೆ ಕುಣಿಯಲು ಓಡಿದೆ.

ಸಂಜೆ ನಸೀಮಾಳ ಮನೆಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದೆವು. ಹಳದಿ ಹೋಯಿತು, ಕಪ್ಪು ಹೋಯಿತು. ಅವರ ಮೂವರ ಬಿಳಿಯೂ ಹೋಯಿತು. ಸುಜಾತಾ ಕನ್ನಡಿಯಲ್ಲಿ ತನ್ನ ಮುಖ ನೋಡಿ, ಆಮೇಲೆ ನನ್ನದು ನೋಡಿ, “ನಮ್ಮದೆಲ್ಲ ಮುಗೀತು. ನಿನಗೆ ಮಾತ್ರ ಉಳೀತು ನೋಡು” ಎಂದಳು. ನಿಜವಾಗಿಯೂ ಬೇಜಾರಿನಲ್ಲೇ ಹೇಳಿದಳು. ನಾವೆಲ್ಲ ನಕ್ಕೆವು, ನಾನು ಸ್ವಲ್ಪ ಅತ್ತೆ ಕೂಡ.

ವಿಜಯದಶಮಿ ಕಳೆದು ಅಂಗಡಿಗೆ ಹೋದಾಗ ನಾನು ಕ್ರೀಮು ಹಚ್ಚಿರಲಿಲ್ಲ. ಕೌಂಟರಿನಲ್ಲಿ ನಿಂತೆ. ಧಣಿಗಳು ತಲೆ ಎತ್ತಿ ನೋಡಿ, “ಒಳಗೆ ಹೊಸ ಬಾಕ್ಸ್ ಬಂದುಂಟು” ಎಂದರು. “ಮಧ್ಯಾಹ್ನ ನೋಡ್ತೇನೆ” ಎಂದೆ. ಅವರು ಲೆಕ್ಕದ ಪುಸ್ತಕಕ್ಕೆ ತಲೆ ಬಗ್ಗಿಸಿದರು. ಮೊದಲು ಬಂದವಳು ಬಳೆ ತೆಗೆದುಕೊಂಡು ತಾನೇ ಹಾಕಿಕೊಂಡಳು. ನನಗೆ ನೋವಾಯಿತು, ಆದರೂ ಅಲ್ಲೇ ನಿಂತೆ. ಎರಡನೆಯವರು ಕನ್ಯಾನದ ಕಡೆಯ ಒಬ್ಬರು ವಯಸ್ಸಾದ ಹೆಂಗಸು. ಫೋನಿನಲ್ಲಿ ಮಗಳ ಹತ್ತಿರ ಏನೋ ಜಗಳವಾಡುತ್ತಾ, ನನ್ನನ್ನು ನೋಡುತ್ತಾ ನೋಡುತ್ತಾ, ಕೈ ಮುಂದೆ ಚಾಚಿದರು. ಬಿರುಸು ಕೈ. ಡಜನ್ ಹಸಿರು ಬಳೆ ಏರಿಸಿದೆ. ಒಂದೂ ಒಡೆಯಲಿಲ್ಲ.

ಕೈ ಹಿಂದಕ್ಕೆ ಎಳೆದುಕೊಳ್ಳುವವರು ಇಂದಿಗೂ ಇದ್ದಾರೆ. ಅವರ ಮೇಲೆ ಸಿಟ್ಟು ಬರುತ್ತದೆ, ಆದರೆ ಒಳಕೋಣೆಗೆ ನಾನು ಹೋಗುವುದಿಲ್ಲ.

ಕಳೆದ ವರ್ಷ ನವರಾತ್ರಿಗೆ ಇನ್ನೂ ಒಂದು ವಾರ ಇರುವಾಗ ದೂಮಣ್ಣನ ಫೋನು ಬಂತು. “ಮಗಾ, ಈ ಸಲ ಗಂಡಸರದ್ದೂ ಸೇರಿ ಹನ್ನೊಂದು ಹುಲಿ ಉಂಟು. ನೀನು ಎಲ್ಲರಿಗಿಂತ ಮೊದಲು ಬರ್ಬೇಕು. ನಿನ್ನನ್ನು ಎದುರು ಕೂರಿಸದೆ ನನಗೆ ಇನ್ನು ಬಿಳಿ ಹಾಕ್ಲಿಕ್ಕೆ ಧೈರ್ಯ ಇಲ್ಲ” ಎಂದರು.

ಈಗ ವೇಷದ ದಿನ ದೂಮಣ್ಣನ ಅಂಗಳಕ್ಕೆ ಮೊದಲು ಹೋಗುವವಳು ನಾನು. ಮನೆಯಿಂದಲೇ ಚೆನ್ನಾಗಿ ಮುಖ ತೊಳೆದುಕೊಂಡು ಹೋಗುತ್ತೇನೆ.