ಕುರಿದಡ್ಡಿಗೆ ಬಂದ ಗ್ರೀಕ್ ಜಗಳ

ನಮ್ಮ ಇಂಗ್ಲಿಷ್ ಸರ್ ಮೀಸೆ ಬಲಕ್ಕೆ ಕಪ್ಪು, ಎಡಕ್ಕೆ ಬಿಳಿ. ವಯಸ್ಸಾಗಿ ಅಲ್ಲ, ಸೀಮೆಸುಣ್ಣದಿಂದ. ಪಾಠದ ನಡುವೆ ಅನುಮಾನ ಬಂದರೆ ಸುಣ್ಣ ಹಿಡಿದ ಕೈಯಿಂದಲೇ ಮೀಸೆ ಎಳೆದುಕೊಳ್ಳುತ್ತಿದ್ದರು. ಅನುಮಾನ ಅವರಿಗೆ ದಿನಾ ಬರುತ್ತಿತ್ತು.

ಹುಕ್ಕೇರಿಯ ಜೈನ ಬಟ್ಟೆ ವ್ಯಾಪಾರಿಗಳ ಮನೆತನ ಅವರದು. ಅಂಗಡಿಯ ಗಾದಿಯ ಮೇಲೆ ಕೂರಬೇಕಾದವರು ಹಳೆಯ ಗ್ರೀಸಿನ ಮೂವರು ದುರಂತ ನಾಟಕಕಾರರ ಬೆನ್ನು ಹತ್ತಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರ ಬಗ್ಗೆ ಹೇಳುವಂತೆ ಅವರ ಮಾತು: “ಹಿರ್ಯಾಂವಗ ದೇವರ ಅಂಜಿಕಿ ಭಾಳ. ನಡುವಿನಾಂವ ಒಂದು ಮಾತು ಹೆಚ್ಚಿಗಿ ಆಡೂದಿಲ್ಲ. ಸಣ್ಣಾಂವ ಮನ್ಯಾಗಿನ ಜಗಳಾ ಓಣಿಗೆ ತರತಾನ.”

ತಂದೆಯನ್ನು ಕೊಂದ ತಾಯಿಯ ಮೇಲೆ ಮಕ್ಕಳು ಸೇಡು ತೀರಿಸಿಕೊಳ್ಳುವ ಕಥೆಯನ್ನು ಮೂವರೂ ಬರೆದಿದ್ದಾರೆ. ಹಿರಿಯನ ನಾಟಕದಲ್ಲಿ, ದೂರದಲ್ಲಿ ಬೆಳೆದ ತಮ್ಮನು ಊರಿಗೆ ಬಂದದ್ದನ್ನು ಅಕ್ಕ ಹೆಜ್ಜೆಗುರುತಿನಿಂದ ಊಹಿಸುತ್ತಾಳೆ; ಅದು ತನ್ನ ಹೆಜ್ಜೆಯಂತೆಯೇ ಇದೆಯಂತೆ. ಕಿರಿಯ ನಾಟಕಕಾರ ತನ್ನ ನಾಟಕದಲ್ಲಿ ಅದನ್ನು ಗೇಲಿ ಮಾಡುತ್ತಾನೆ: ಗಂಡಿನ ಪಾದ, ಹೆಣ್ಣಿನ ಪಾದ ಒಂದೇ ಅಳತೆಯೇ? ಸರ್ ಕಿರಿಯನ ಪಕ್ಷ. ಕ್ಲಾಸೆಲ್ಲ ನಕ್ಕಿತು, ನನ್ನೊಬ್ಬಳನ್ನು ಬಿಟ್ಟು.

“ಯಾಕವಾ, ನಿನಗ ಹಿರ್ಯಾಂವಂದ ಖರೆ ಅನಸ್ತೇನು?”

“ನಮ್ಮಪ್ಪ ಹೆಜ್ಜಿ ನೋಡಿ ಯಾರ ಮನ್ಯಾವ್ರು ಅಂತ ಹೇಳ್ತಾನ್ರಿ ಸರ್. ಕುರಿ ಕಾಯ್ತಾನ್ರಿ.”

ಹಿಂದಿನ ಬೆಂಚಿನಿಂದ ಯಾರೋ “ಬ್ಯಾ” ಎಂದರು. ಈಗ ನಗು ನನ್ನ ಮೇಲೆ ತಿರುಗಿತು. ಮನೆಯ ಕಸುಬನ್ನು ಒಂದು ವರ್ಷದಿಂದ ಮುಚ್ಚಿಟ್ಟುಕೊಂಡು ಬಂದಿದ್ದೆ. ಇನ್ನು ಕಾಲೇಜಿಗೆ ಹೋಗುವುದಿಲ್ಲ ಎಂದು ಅಂದೇ ಅವ್ವನಿಗೆ ಹೇಳಿಬಿಟ್ಟೆ.

ಭಾನುವಾರ ಬೆಳಿಗ್ಗೆ ಘೋಡಗೇರಿಯ ಹೊಲದಲ್ಲಿದ್ದ ನಮ್ಮ ಕುರಿದಡ್ಡಿಗೆ ಸರ್ ಸ್ಕೂಟರ್ ಮೇಲೆ ಬಂದರು. ನನ್ನನ್ನು ಮಾತಾಡಿಸಲೂ ಇಲ್ಲ. ಅಪ್ಪನಿಗೆ ಕಥೆ ಹೇಳಿ, ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರು. ಅಪ್ಪ ನನ್ನನ್ನೂ ತಮ್ಮನನ್ನೂ ಹಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆಸಿದ. ಸರ್ ಇಸ್ತ್ರಿ ಪ್ಯಾಂಟಿನಲ್ಲೇ ಮೊಳಕಾಲೂರಿ ಕೂತರು.

“ಅಳತಿ ಬ್ಯಾರೆ ಐತ್ರಿ ಸರ್. ಆದ್ರ ಇಬ್ರೂ ಹಿಮ್ಮಡದ ಹೊರಗಿನ ಬಾಜೂ ಒತ್ತಿ ನಡೀತಾರ ನೋಡ್ರಿ. ನಮ್ಮ ಮನಿತನದ ನಡಿಗಿ ಅದು. ಸಣ್ಣಾಂವ ಪಾದಾ ಅಳದಾನ, ಹಿರ್ಯಾಂವ ನಡಿಗಿ ನೋಡ್ಯಾನ.”

ಸರ್ ಮಣ್ಣಿನ ಕೈಯಲ್ಲೇ ಮೀಸೆ ಎಳೆದುಕೊಂಡರು. ಅಪ್ಪನಿಂದ ಇನ್ನೊಮ್ಮೆ ಹೇಳಿಸಿ, ಒಂದಕ್ಷರ ಬಿಡದೆ ಬರೆದುಕೊಂಡರು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: “ನಾಳೆ ಬಾರವಾ. ನಾ ಒಬ್ಬನ ಹೇಳಿದ್ರ ಅವ್ರು ನಂಬೂದಿಲ್ಲ.”

ಮರುದಿನ ಹೋದೆ. ಸರ್ ಹಾಜರಿಯನ್ನೂ ತೆಗೆದುಕೊಳ್ಳದೆ ಶುರು ಮಾಡಿದರು: “ಇಷ್ಟು ವರ್ಷ ನಾ ತಪ್ಪು ಹೇಳೇನಿ. ನಿನ್ನೆ ಕಲಿಯಾಕ ಹೋಗಿದ್ದೆ. ಕಲಿಸಿದವ್ರು ಈಕಿ ತಂದಿ.” ಯಾರೂ ನಗಲಿಲ್ಲ. ಹಾಗೆಂದು ಹಿರಿಯನಿಗೆ ಮೊದಲ ಸ್ಥಾನವನ್ನೇನೂ ಕೊಡಲಿಲ್ಲ. ವರ್ಷವಿಡೀ ಮೂವರನ್ನೂ ಜಗಳಕ್ಕೆ ಹಚ್ಚಿ ಮಜಾ ನೋಡಿದರು.

ನಾನೀಗ ಮೂಡಲಗಿಯಲ್ಲಿ ಅದೇ ಪಾಠ ಮಾಡುತ್ತೇನೆ. ಹೋದ ವರ್ಷ ಸರ್ ತೀರಿಕೊಂಡರು. ಬೀಗರ ಮದುವೆಗೂ ಕುರಿ ಬಿಟ್ಟು ಬರದ ಅಪ್ಪ, ಅಂದು ಹಿಂಡನ್ನು ತಮ್ಮನಿಗೆ ಒಪ್ಪಿಸಿ ಹುಕ್ಕೇರಿಗೆ ಬಂದಿದ್ದ. ಅಂತ್ಯಕ್ರಿಯೆಗೆ ಹೋಗಿ ಮರಳುವಾಗ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ:

“ನನ್ನ ಮಾತು ಬರಕೊಂಡಾವ್ರು ಅಂದ್ರ ಅವರೊಬ್ರ ನೋಡವಾ.”