ಡ್ರಾಯರಿನ ಬಳೆಗಳು

ಅಮೆರಿಕದ ಎಮರಿವಿಲ್‌ನ ಡಾಟ್‌ಕಾಮ್ ಕಂಪನಿಯೊಂದರಲ್ಲಿ ನನ್ನ ಮೊದಲ ಮ್ಯಾನೇಜರು ಮೈಸೂರಿನ ಹೆಣ್ಣುಮಗಳು. ಪ್ರೋಗ್ರಾಮಿಂಗ್ ಬಿಟ್ಟು ಫೈನಾನ್ಸಿಗೆ ಬಂದು, ಹೂಡಿಕೆದಾರರ ಎದುರು ಕೂರುವಷ್ಟು ಮೇಲೇರಿದ್ದರು. ಪ್ರತಿ ಮೀಟಿಂಗಿಗೂ ಮುಂಚೆ ಕೈಗೆ ಲೋಷನ್ ಸವರಿ, ಗಾಜಿನ ಬಳೆಗಳನ್ನು ಕಳಚಿ ಡ್ರಾಯರಿನಲ್ಲಿಡುತ್ತಿದ್ದರು. "ಸದ್ದಾದ್ರೆ ನನ್ ಮಾತು ಬಿಟ್ಟು ಕೈ ನೋಡ್ತಾರೆ ಕಣೇ," ಎನ್ನುತ್ತಿದ್ದರು. ಗಂಡಸರ ದಪ್ಪ ವಾಚುಗಳು ಮೇಜಿಗೆ ಬಡಿದರೆ ಯಾರದೂ ತಕರಾರಿರಲಿಲ್ಲ.

ಹೂಡಿಕೆ ನಿಂತುಹೋಯಿತು. ಕಂಪನಿ ಮುಚ್ಚುತ್ತಿದೆಯೆಂದು ನಮಗೆಲ್ಲ ಹೇಳುವ ಕೆಲಸ ಅವರ ಪಾಲಿಗೆ ಬಂತು. ಆ ಬೆಳಿಗ್ಗೆ ಬಳೆ ತೊಟ್ಟೇ ಮೀಟಿಂಗಿಗೆ ಹೊರಟರು.

"ಅಕ್ಕಾ, ಬಳೆ ತೆಗೀಲಿಲ್ವಲ್ಲ," ಎಂದೆ.

"ಇರ್ಲಿ ಬಿಡೇ, ಇವತ್ತು ಯಾರು ಕೈ ನೋಡ್ತಾರೆ?" ಎಂದರು.

ಸುದ್ದಿ ಹೇಳಿ ಮುಗಿಸಿದ ಮೇಲೆ ಅವರು ನೀರಿನ ಲೋಟ ಎತ್ತಿಕೊಂಡರು. ಬಳೆಗಳು ಒಂದೇ ಸಮನೆ ಸದ್ದು ಮಾಡುತ್ತಿರುವುದು ಕೋಣೆಗೆಲ್ಲ ಕೇಳಿಸಿತು.