ಮೂವತ್ತನಾಲ್ಕು ಹಲ್ಲಿನ ಚಕ್ರ

ಇದು ೨೦೨೩ರ ಡಿಸೆಂಬರಿನ ಮಾತು. ನನಗಾಗ ನಲವತ್ತಾರು. ಇಳಕಲ್ಲಿನ ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷ ಮಗ್ಗ ತುಳಿದು ಸೀರೆ ನೇಯ್ದವಳು ನಾನು. ಮಂಡಿ ನೋವು ಶುರುವಾದಾಗ ಡಾಕ್ಟರು, "ಸೈಕಲ್ ತುಳೀರಿ, ಆದ್ರ ಹಗುರ ತುಳೀರಿ. ಮಂಡಿ ಮ್ಯಾಲ ಭಾರ ಬೀಳಬಾರದು" ಎಂದಿದ್ದರು. ಮಂಡಿಗೆಂದು ತುಳಿಯಲು ಹೋದವಳಿಗೆ ಅದರ ಹುಚ್ಚೇ ಹಿಡಿಯಿತು. ಸೈಕಲ್ ಅಂಗಡಿಯ ಈರಣ್ಣ, ಮೊದಲು ರೇಸಿಗೆ ಹೋಗುತ್ತಿದ್ದ ಹುಡುಗನೊಬ್ಬನ ಹಳೆಯ ರೋಡ್ ಬೈಕ್ ಕೊಡಿಸಿದ. ಊರಿನ ಹುಡುಗರ ಭಾನುವಾರದ ಸೈಕಲ್ ಗುಂಪಿಗೂ ಅವನೇ ಮುಂದಾಳು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವನು, ಮಾತಿನಲ್ಲಿ ಮಾತ್ರ ನನ್ನ ಮಾವನವರಿಗಿಂತ ಹಿರಿಯ.

ಸಪಾಟು ರಸ್ತೆಯಲ್ಲಿ ಆ ಬೈಕು ಹಾರುತ್ತಿತ್ತು. ಏರು ಬಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಾರಣ ತಿಳಿದುಕೊಂಡೆ. ಹಿಂದಿನ ಗಾಲಿಯ ಹಲ್ಲುಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಇದ್ದದ್ದೇ ಇಪ್ಪತ್ತೈದು ಹಲ್ಲು. ಹಲ್ಲು ಹೆಚ್ಚಿದಷ್ಟೂ ಏರಿನಲ್ಲಿ ಪೆಡಲ್ ಹಗುರ, ವೇಗ ಕಡಿಮೆ. ವೇಗ ಕಟ್ಟಿಕೊಂಡು ನನಗೇನಾಗಬೇಕು? ಮೂವತ್ತನಾಲ್ಕು ಹಲ್ಲಿನದು ಹಾಕೆಂದು ಈರಣ್ಣನಿಗೆ ಹೇಳಿದೆ.

ಅವನು ನಕ್ಕ. "ಅಕ್ಕಾರ, ಅದು ಮುದುಕರ ಗೇರ್ ರೀ. ರೋಡ್ ಬೈಕಿನ ಮಾನ ಹೋಗ್ತದ."

"ಬೈಕಿನ ಮಾನ ನಾ ನೋಡ್ಕೊಂತೇನಿ. ನೀ ಹಲ್ಲು ಎಣಿಸಿ ಹಾಕು."

"ಚೈನೂ ಬದಲಿ ಮಾಡಬೇಕಾಗ್ತದ, ಗೇರ್ ಬದಲಿಸೋ ಡಿರೈಲರೂ ಉದ್ದಂದು ಬೇಕು. ಅದರ ಬದ್ಲಿ ಕಾಲಾಗ ಶಕ್ತಿ ಮಾಡ್ಕೋರಿ."

"ಎಲ್ಲಾ ಬದಲಿ ಮಾಡು. ನನ್ನ ಕಾಲಿನ ಸುದ್ದಿ ನಿನಗ ಬ್ಯಾಡ."

ಗೊಣಗುತ್ತಲೇ ಹಾಕಿಕೊಟ್ಟ. ಆದರೆ ಗುಂಪಿನ ಜೊತೆ ಬಾದಾಮಿಗೆ ಹೊರಡುವ ದಿನ ಎಲ್ಲರೆದುರು ಒಂದು ಷರತ್ತು ಹೇಳಿದ. ಸುಸ್ತಾದವರಿಗೆಂದು ಹಿಂದೆ ಒಂದು ಟೆಂಪೋ ಬರುತ್ತದೆ, ಅದನ್ನು ಹತ್ತಿದವರು ಮುಂದೆ ದೂರದ ಸವಾರಿಗೆ ಬರುತ್ತೇನೆಂದು ಕೇಳುವಂತಿಲ್ಲ. ಒಪ್ಪಿಕೊಂಡೆ. ಆ ಷರತ್ತು ನನಗೊಬ್ಬಳಿಗೇ ಎಂದು ತಿಳಿದದ್ದು ಆಮೇಲೆ.

ಹುನಗುಂದ ದಾಟಿ ಅಮೀನಗಡದಲ್ಲಿ ಚಹಾ ಕುಡಿಯುವವರೆಗೆ ನಾನೇ ಕೊನೆಯವಳು. ಗುಳೇದಗುಡ್ಡದ ಹತ್ತಿರ ಏರು ಶುರುವಾಯಿತು, ಎದುರುಗಾಳಿಯೂ ಎದ್ದಿತು. ಏರು ಹತ್ತುವ ಮೊದಲೇ ಗೇರ್ ಇಳಿಸಿಕೊಂಡೆ. ಒಮ್ಮೆ ಏರಿನ ನಡುವೆ ಜೋರಾಗಿ ತುಳಿಯುತ್ತಲೇ ಬದಲಿಸಲು ಹೋಗಿ, ಚೈನ್ ಕಳಚಿ, ಬಸ್ಸಿನ ಜನರೆದುರು ಬಿದ್ದು ಕಲಿತ ಬುದ್ಧಿ ಅದು. ಹುಡುಗರು ಎದ್ದು ನಿಂತು ಭಾರದ ಗೇರಿನಲ್ಲೇ ತುಳಿದು ಮುಂದೆ ಹೋದರು. ನಾನು ಕೂತೇ, ಪುಟುಪುಟು ಕಾಲಾಡಿಸುತ್ತ ಹೊರಟೆ. ರಸ್ತೆ ಬದಿಗೆ ಏದುಸಿರು ಬಿಡುತ್ತ ನಿಂತ ಕೆಲವರನ್ನು ದಾಟಿಯೂ ಹೋದೆ.

ಅರ್ಧಕ್ಕೆ ಬರುವಷ್ಟರಲ್ಲಿ ಟೆಂಪೋ ಬೆನ್ನಿಗೆ ಬಂತು. ತಿರುಗಿ ನೋಡಿದರೆ ಒಳಗೆ ಆಗಲೇ ಮೂವರು ಹುಡುಗರು ಕಾಲು ಚಾಚಿ ಕೂತಿದ್ದಾರೆ! ಅವರಲ್ಲೊಬ್ಬ ಕೂಗಿದ, "ಅಕ್ಕಾರ, ಹತ್ರಿ ಒಳಗ. ಯಾಕ ತ್ರಾಸ ತಗೋತೀರಿ?"

"ನಿಮ್ಮ ಈರಣ್ಣ ಮತ್ತ ಸವಾರಿಗೆ ಕರಿಯೂದಿಲ್ಲಂತ!"

"ಹಂಗೇನಿಲ್ಲರಿ. ನಾವು ಯಾವಾಗ್ಲೂ ಹತ್ತತೇವಿ."

ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ಒಂದಷ್ಟು ದೂರ ಹೋದೆ. ಏರು ಮತ್ತೂ ಕಡಿದಾಯಿತು. ಇನ್ನೂ ಹಗುರ ಬೇಕೆಂದು ಲಿವರ್ ಒತ್ತಿದೆ. ಏನೂ ಆಗಲಿಲ್ಲ. ಮೂವತ್ತನಾಲ್ಕರ ಮೇಲೆ ಚೈನ್ ಆಗಲೇ ಕೂತಿತ್ತು, ಅದಕ್ಕಿಂತ ಹಗುರ ಇರಲೇ ಇಲ್ಲ. ಮಂಡಿಯ ಹಳೆಯ ನೋವು ಎದ್ದಿತು. ಡ್ರೈವರ್ ಹಾರ್ನ್ ಬೇರೆ ಹೊಡೆಯುತ್ತಿದ್ದ. ಒಂದು ಕಾಲು ನೆಲಕ್ಕಿಟ್ಟರೆ ಎಲ್ಲ ಮುಗಿಯಿತು, ನಾಳೆಯಿಂದ ಮನೆ, ಮಗ್ಗ, ಮಂಡಿಗೆ ಎಣ್ಣೆ. ಸತ್ಯ ಹೇಳುತ್ತೇನೆ, ಆ ಕ್ಷಣ ಅಳು ಬಂದಿತ್ತು.

ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಹ್ಯಾಂಡಲ್ ಬಲಕ್ಕೆ ತಿರುಗಿಸಿ ರಸ್ತೆಗೆ ಅಡ್ಡಡ್ಡ ಹೊರಟೆ. ಅಂಚು ಮುಟ್ಟಿ ಎಡಕ್ಕೆ, ಮತ್ತೆ ಬಲಕ್ಕೆ. ದಾರಿ ಉದ್ದವಾಯಿತು, ಏರು ಸ್ವಲ್ಪ ತಗ್ಗಿತು. ಟೆಂಪೋಗೆ ಮುಂದೆ ಹೋಗಲು ಜಾಗವೇ ಸಿಗಲಿಲ್ಲ. "ಅಕ್ಕಾರ, ಸೈಡ್ ಕೊಡ್ರಿ!" ಎಂದು ಡ್ರೈವರ್ ಒದರಿದ. "ಕೊಡೂದಿಲ್ಲ, ನಿಧಾನ ಬಾ!" ಎಂದು ನಾನೂ ಒದರಿದೆ.

ಹಾಗೇ ಏರಿನ ತುದಿ ಮುಟ್ಟಿದಾಗ ಅಲ್ಲಿ ಈರಣ್ಣ ಗಡಿಯಾರ ನೋಡುತ್ತ ನಿಂತಿದ್ದ. "ಎಲ್ಲಾರಕಿಂತ ಹಿಂದ ಬಂದ್ರಿ ಅಕ್ಕಾರ."

"ತುಳಕೊಂತ ಬಂದೇನಿ. ಟೆಂಪೋದಾಗ ಮೂರು ಮಂದಿ ಅದಾರ, ಅವರನ್ನ ಎಷ್ಟನೇ ನಂಬರಿಗೆ ಬರಕೊಂತಿ?"

ಅವನು ಟೆಂಪೋ ಕಡೆ ನೋಡಿದ, ನನ್ನ ಮಂಡಿ ನೋಡಿದ. ನೀರಿನ ಬಾಟಲಿ ಕೈಗೆ ಕೊಟ್ಟ.

ಈಗಲೂ ಪ್ರತಿ ಭಾನುವಾರ ಹೋಗುತ್ತೇನೆ. ನನ್ನ ಹಗುರ ಗೇರಿಗೆ ಗುಂಪಿನಲ್ಲಿ "ಅಕ್ಕಾರ ಗೇರ್" ಎಂದೇ ಹೆಸರು. ಅಣಕಿಸಲು ಇಟ್ಟ ಹೆಸರೆಂದು ಗೊತ್ತು, ಇಟ್ಟುಕೊಳ್ಳಲಿ. ಇಬ್ಬರು ಸದ್ದಿಲ್ಲದೆ ಅದನ್ನೇ ಹಾಕಿಸಿಕೊಂಡಿದ್ದಾರೆ. ಆದರೆ ನನಗೆ ಮಾತ್ರ ಹಾಕಿದ ಆ ಷರತ್ತು ನೆನಪಾದಾಗ ಇವತ್ತಿಗೂ ಸಿಟ್ಟು ಬರುತ್ತದೆ, ಅದನ್ನು ಬಿಡುವ ಮನಸ್ಸೂ ನನಗಿಲ್ಲ. ನನ್ನ ಕಾಲು ಎಷ್ಟು ಭಾರ ಹೊರಬೇಕೆಂಬುದನ್ನು ನಾನೇ ಹೇಳುತ್ತೇನೆ.